ಒಂದೇ ಕಾಲಿನದು

ಎರಡನ್ನೂ ತರುವುದಿಲ್ಲ ಯಾವತ್ತೂ.
ಒಂದೇ. ಅದೂ ಹೆಚ್ಚಾಗಿ ಎಡಗಾಲಿನದು.
ಉರ್ವದ ಈ ಐದು ಮಾಳಿಗೆಯ ಕಟ್ಟಡದಲ್ಲಿ
ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ
ಯಾರಾದರೊಬ್ಬರು ಒಂಟಿಕಾಲಲ್ಲಿ ನಿಂತಿರುತ್ತಾರೆ
ಕೊಕ್ಕರೆಯ ಹಾಗೆ:
‘ಬೊಂಡ ಈ ಕಡೆ ಬಂದಿದ್ದನಾ?’

ಹೆಸರಿಟ್ಟದ್ದು ಮಗಳು ಧನ್ವಿ.
ತಂದ ದಿನ ಎಳನೀರಿನ ಬೊಂಡದಷ್ಟೇ ಇದ್ದ, ಗುಂಡಗೆ,
ಒಳಗೆ ಬರೀ ನೀರು. ಹೋದಲ್ಲೆಲ್ಲ ಚೆಲ್ಲುತ್ತಿದ್ದ.
ಈಗ ನಲವತ್ತೊಂದು ಕಿಲೊ,
ಬಣ್ಣ ಗೋಳಿಬಜೆಯದ್ದು,
ಎರಡು ನಿಮಿಷ ಮೊದಲೇ ಬಾಣಲೆಯಿಂದ ತೆಗೆದದ್ದು.
ಕೂದಲು ಇಡ್ಲಿ ತಟ್ಟೆಯಲ್ಲಿ, ದೇವರ ದೀಪದ ಬತ್ತಿಯಲ್ಲಿ,
ಗಂಡನ ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕದಲ್ಲಿ
ಪುಟದ ಗುರುತಿಗೆ ಇಟ್ಟ ಹಾಗೆ.

ಅನ್ನ ಕಮ್ಮಿ ಮಾಡಿ ಅಂದರು ಡಾಕ್ಟರು.
ನಾನು ಏನೂ ಕೊಡುವುದಿಲ್ಲ. ಗಂಡ ಕೊಡುವುದಿಲ್ಲವಂತೆ.
ಮಗಳು ದೇವರಾಣೆ ಕೊಡುವುದಿಲ್ಲ.
ಕೆಳಗಿನ ಹಮೀದಾ, ಎದುರುಮನೆಯ ಲೀನಾ ಬಾಯಿ,
ಯಾರೂ ಏನೂ ಕೊಡುವುದಿಲ್ಲ.
ಗಾಳಿ ಕುಡಿದೇ ಏರುತ್ತದೆ ತೂಕ.

ಭಾನುವಾರ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ
ತಣ್ಣೀರುಬಾವಿಯ ಕಡಲಿಗೆ.
ಎಲ್ಲೋ ಹಿಮ ಸುರಿಯುವ ಸಮುದ್ರದಲ್ಲಿ
ಇವನ ಹಿರಿಯರು ಬೆಸ್ತರ ಬಲೆ ಎಳೆದವರಂತೆ,
ಗಾಳ ತಪ್ಪಿದ ಮೀನನ್ನು ಕಚ್ಚಿ ತಂದವರಂತೆ.
ನನ್ನ ಅಜ್ಜ ಬೆಂಗರೆಯಲ್ಲಿ ರಂಪಣಿ ಎಳೆದವರು.
ಹಾಗಾದರೆ ನಾವು ಒಂದೇ ಕಸುಬಿನವರು ಮಾರಾಯ,
ಬಲೆ ನಾನೂ ಮುಟ್ಟಿಲ್ಲ, ನೀನೂ ಮುಟ್ಟಿಲ್ಲ.
ಎಸೆದ ಚೆಂಡನ್ನು ಅಲ್ಲೇ ಬಿಟ್ಟು
ತೆಂಗಿನ ಸಿಪ್ಪೆ, ಬಲೆಯ ಬೆಂಡು,
ಯಾರೋ ನೀರಿಗೆ ಬಿಟ್ಟ ಸೇವಂತಿಗೆ ಮಾಲೆ
ತಂದು ನನ್ನ ಪಾದದ ಬಳಿ ಇಟ್ಟು
ಮುಖ ನೋಡುತ್ತಾನೆ,
ಇದು ನಿಮ್ಮದೇ ಅಲ್ಲವಾ ಎಂಬಂತೆ.

ಮೊನ್ನೆ ತಂದದ್ದು ನೀಲಿ ಪಟ್ಟಿಯದು.
ಜೊಲ್ಲಿನಲ್ಲಿ ನೆಂದಿತ್ತು, ಹಲ್ಲಿನ ಗುರುತು ಒಂದೂ ಇಲ್ಲ.
ಹಸಿ ಮೊಟ್ಟೆಯನ್ನೂ ಒಡೆಯದೆ ತರುವ ಬಾಯಿ ಅದು.
(ಕೊಟ್ಟು ನೋಡಿದ್ದೇವೆ. ತಂದ. ಆಮೇಲೆ ತಿಂದ.)
ಯಾರದೆಂದು ತಿರುವಿದೆ.
ಹಿಮ್ಮಡಿಯ ಹೊರಬದಿ ಮಾತ್ರ ಸವೆದಿದೆ.
ಅಮ್ಮನ ಚಪ್ಪಲಿ ಹೀಗೇ ಸವೆಯುತ್ತಿತ್ತು,
ಮೀನಿನ ಬುಟ್ಟಿ ಹೊತ್ತು ನಡೆದು ನಡೆದು
ಅಂದುಕೊಂಡಿದ್ದೆವು ನಾವು.
ಬುಟ್ಟಿಯನ್ನೇ ಹೊರದ ಅಕ್ಕನದೂ ಹೀಗೆ ಸವೆಯುತ್ತದೆಂದು
ನನಗೆ ಗೊತ್ತಿರಲಿಲ್ಲ.
ನನ್ನದನ್ನೂ ತಿರುವಿ ನೋಡಿದೆ.
ಅದನ್ನು ಹೇಳುವುದಿಲ್ಲ.

ನಾಲ್ಕನೇ ಮಾಳಿಗೆ. ವಾರಿಜಕ್ಕ.
ಮೂರು ವರ್ಷ. ಅಮ್ಮನ ಒಂದು ಹವಳದ ಸರ.
ಲಿಫ್ಟಿನಲ್ಲಿ ಅವಳಿದ್ದರೆ ನನಗೆ ಮೆಟ್ಟಿಲು,
ನಾನಿದ್ದರೆ ಅವಳಿಗೆ ಅಂಗಡಿಯಲ್ಲಿ ಏನೋ ಮರೆತುಹೋಗಿರುತ್ತದೆ.
ಮಗಳ ಕೈಯಲ್ಲಿ ಕಳಿಸಬಹುದಿತ್ತು ಚಪ್ಪಲಿ. ವಾಚ್‌ಮನ್ ಇದ್ದಾನೆ.
ಅಷ್ಟರಲ್ಲಿ ಬೊಂಡ ಮೆಟ್ಟಿಲು ಹತ್ತಿಯಾಗಿತ್ತು,
ದಾರಿ ಗೊತ್ತಿದ್ದವನ ಹಾಗೆ.

ಬಾಗಿಲು ತೆರೆದವಳು ನೋಡಿದ್ದು ಅವನನ್ನು.
‘ಇವನಿಗೆ ಊಟ ಆಯ್ತಾ?’
ಆಯ್ತು ಅಂದೆ.
ಇಲ್ಲ ಅಂದ ಬೊಂಡ,
ಬಾಲದಿಂದ ಶುರುಮಾಡಿ ಇಡೀ ಮೈಯಲ್ಲಿ.
ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.
ಜೋಡಿ ಅಲ್ಲೇ ಇತ್ತು. ಒದ್ದೆಯದನ್ನು ಪಕ್ಕದಲ್ಲಿಟ್ಟೆ.
ನೇರ ಮಾಡಿದೆ. ಮತ್ತೊಮ್ಮೆ ನೇರ ಮಾಡಿದೆ.
‘ಉಳಾಯಿ ಬಲ’ ಎಂದು ಅಡುಗೆಮನೆಯಿಂದ ಕರೆದಳು.
ನಾಯಿಯನ್ನೋ ನನ್ನನ್ನೋ,
ಕೇಳಲು ಹೋಗಲಿಲ್ಲ.

ಸರದ ಮಾತು ಬರಲಿಲ್ಲ.
ಅದು ಬ್ಯಾಂಕಿನ ಲಾಕರಿನಲ್ಲಿದೆ,
ಅಲ್ಲಿಗೆ ಬೊಂಡನನ್ನು ಬಿಡುವುದಿಲ್ಲ.

ಇವತ್ತು ನನ್ನ ಎಡಗಾಲಿನದು ಕಾಣುವುದಿಲ್ಲ.
ಬೊಂಡನೂ ಕಾಣುವುದಿಲ್ಲ.
ಮೇಲಿನಿಂದ ಮರುವಾಯಿ ಪುಂಡಿಯ ಪರಿಮಳ ಇಳಿಯುತ್ತಿದೆ.
ಒಂಟಿಕಾಲಲ್ಲಿ ನಿಂತು
ಲಿಫ್ಟಿನ ಗುಂಡಿ ಒತ್ತುತ್ತಿದ್ದೇನೆ.